ಬಲಗಡೆಯ ಬ್ರೇಕು

ಹಿಮಾಯತ್‌ನಗರ, ಹೈದರಾಬಾದ್
೧೮ ಆಗಸ್ಟ್ ೧೯೯೮, ಮಂಗಳವಾರ

ಚಿರಂಜೀವಿ ಪ್ರಾಣೇಶನಿಗೆ ಅಕ್ಕ ಮಂದಾಕಿನಿ ಮಾಡುವ ಆಶೀರ್ವಾದಗಳು.

ನೀನೂ ನಲಿನಿಯೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಹಿಮಾಚಲದಲ್ಲಿ, ನಿಮ್ಮ ಚಂಬಾದ ಕಡೆ ಈ ಸಲ ಮಳೆ ಭಾಳ ಎಂದು ಪೇಪರಿನಲ್ಲಿ ಓದಿದೆ. ನಿಮ್ಮ ಸುರಂಗದ ಕೆಲಸ ನಿಂತಿದೆಯೋ ನಡೆದಿದೆಯೋ? ನಲಿನಿಯ ಕೆಮ್ಮು ಬಿಟ್ಟಿತೇ? ಜೂನಿನಲ್ಲಿ ಕಳಿಸಿದ ಮೆಂತ್ಯದ ಹಿಟ್ಟು ಮತ್ತು ಚಟ್ನಿಪುಡಿ ಮುಗಿದಿದ್ದರೆ ತಿಳಿಸು, ಇನ್ನೊಂದು ಗಂಟು ಕಟ್ಟುತ್ತೇನೆ. ಅವ್ವನ ಬಿ.ಪಿ. ಹತೋಟಿಯಲ್ಲಿದೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನ್ನ ಆರೋಗ್ಯ ಕೇಳಬೇಡ. ನನಗಿರುವುದು ಸಿಟ್ಟು, ಅದಕ್ಕೆ ಯಾವ ಡಾಕ್ಟರೂ ಔಷಧ ಬರೆದುಕೊಡುವುದಿಲ್ಲ.

ಭಾನುವಾರ ಬಜಾರಿನ ಬೂತಿನಿಂದ ನೀನು ಫೋನ್ ಮಾಡಿಯೇ ಮಾಡುತ್ತೀಯಲ್ಲ, ಮತ್ತೆ ಪತ್ರ ಯಾಕೆ ಎನ್ನಬೇಡ. ಫೋನಿನಲ್ಲಿ ನಿನಗೆ ಯಾವಾಗಲೂ ಮೀಟರಿನ ಚಿಂತೆ. ನಮ್ಮ ಫೋನೋ, ಪಡಸಾಲೆಯಲ್ಲಿ ಅವ್ವನ ಮಂಚದ ತಲೆದೆಸೆಗೇ ಇದೆ. ಇವತ್ತು ಹೇಳುವುದು ಮೂರು ನಿಮಿಷದಲ್ಲಿ ಮುಗಿಯುವ ಮಾತಲ್ಲ, ಅವ್ವನ ಎದುರು ಆಡುವ ಮಾತಂತೂ ಅಲ್ಲವೇ ಅಲ್ಲ. ಅದಕ್ಕೇ ಕಾಚಿಗುಡದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು, ಹತ್ತನೇ ಇಯತ್ತೆಯ ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ. ವಿಷಯ ಗಾಡಿಯದು. ಬರುವ ಭಾನುವಾರ ನಿನ್ನ ಗೆಳೆಯ ರಾಮದಾಸರು ಬಂದು ಗಾಡಿ ಒಯ್ಯುವುದಿತ್ತು. ಅವರಿಗೆ ಕೊಟ್ಟುಬಿಡೋಣ ಎಂದು ಹೋದ ತಿಂಗಳು ನೀನು ಹೇಳಿದಾಗ ನಾನು ಹೂಂ ಅಂದಿದ್ದೆ. ಆ ಹೂಂ ಈಗ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನನಗೆ ಬೇಕಾದದ್ದು ಒಂದೇ. ಗುರುವಾರ ಸಂಜೆ ಅವ್ವ ಹಿಂದಿನ ಸೀಟಿನಲ್ಲಿ ಕೂಡಬೇಕು, ನಾನು ಅವಳನ್ನು ರಾಯರ ಮಠಕ್ಕೆ ಕರೆದುಕೊಂಡು ಹೋಗಬೇಕು. ಐವತ್ತು ತುಂಬಿದ ಮೇಲೆ, ಪಕ್ಕದ ಮನೆಯ ಗೋದಾಬಾಯಿ ಮುಸಿಮುಸಿ ನಗುತ್ತಿದ್ದರೂ, ಎಲ್ ಬೋರ್ಡು ತೂಗುಹಾಕಿಕೊಂಡು ನಾನು ಗಾಡಿ ಕಲಿತದ್ದು ಅದೊಂದಕ್ಕೇ. ಆಟೋದ ಮೆಟ್ಟಿಲು ಹತ್ತುವಾಗ ಅವ್ವ ಕಚ್ಚಿಕೊಳ್ಳುವ ತುಟಿಯನ್ನು ನೀನು ನೋಡಿಲ್ಲ, ನಾನು ವಾರವಾರವೂ ನೋಡಿದ್ದೇನೆ.

ಈಗ ಮೊದಲಿನಿಂದ ಕೇಳು. ಹೋದ ವರ್ಷ ಜೂನಿನಲ್ಲಿ ನೀನು ಕೀಲಿಕೈ ನನ್ನ ಕೈಗಿಟ್ಟು ಹೋದೆ. ಎಂಬತ್ತೇಳರಲ್ಲಿ ಅಪ್ಪ ಕೊಂಡ ಮಾರುತಿ, ಹತ್ತು ವರ್ಷ ಹಳೆಯದು, ಜೋಪಾನ ಎಂದು ನೂರು ಸಲ ಹೇಳಿದೆ. ನಾನು ಅದನ್ನು ಮೊದಲ ಸಲ ಒಬ್ಬಳೇ ಓಡಿಸಿದ ದಿನವೇ ಗಮನಿಸಿದ್ದೆ, ಬ್ರೇಕು ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮೆಲ್ಲಗೆ ಹೋಗುವಾಗ ಚೂರು, ಜೋರಿನಲ್ಲಿದ್ದರೆ ಹೆಚ್ಚು. ಅದೇ ಭಾನುವಾರ ನಿನಗೆ ಹೇಳಿದೆ. ನೀನು ನಕ್ಕು, "ಅಕ್ಕಾ, ನೀ ಬ್ರೇಕ್ ಒದೀತಿ. ಒದೀಬಾರದು, ಒತ್ತಬೇಕು" ಎಂದೆ. ನಾನು ನಂಬಿದೆ. ರಾಮದಾಸರು ಒಂದು ದಿನ ಪಕ್ಕದ ಸೀಟಿನಲ್ಲಿ ಕೂತು, ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಕ್ಕಾರ, ನಿಮ್ಮ ಕಾಲು ಸ್ವಲ್ಪ ಬಿರುಸು" ಎಂದರು. ಅದನ್ನೂ ನಂಬಿದೆ. ಗಣಿತ ಕಲಿಸುವವಳು ನಾನು. ಉತ್ತರ ತಪ್ಪಿದರೆ ಮೊದಲು ನನ್ನ ಹೆಜ್ಜೆಯನ್ನೇ ತಿರುಗಿ ನೋಡಿಕೊಳ್ಳುವ ರೂಢಿ. ರಜೆಯ ದಿನ ಶಾಲೆಯ ಮೈದಾನದಲ್ಲಿ ಬರಿಗಾಲಲ್ಲಿ ಕೂತು, ಪೆಡಲಿನ ಮೇಲೆ ಬೆರಳ ತುದಿ ಇಟ್ಟು ಒತ್ತುವುದನ್ನು ಅಭ್ಯಾಸ ಮಾಡಿದೆನಪ್ಪಾ. ವಾಚ್‌ಮನ್ ಸಿದ್ದರಾಮಪ್ಪ ನನಗೆ ಏನೋ ಆಗಿದೆ ಎಂದು ಹೆಡ್‌ಮಾಸ್ತರರಿಗೆ ಹೋಗಿ ಹೇಳಿದ್ದನಂತೆ.

ಈ ಜೂನ್ ಕೊನೆಗೆ ಬ್ರೇಕು ಕಿರುಗುಟ್ಟಲು ಶುರುಮಾಡಿತು. ನಾರಾಯಣಗುಡದ ಗಲ್ಲಿಯಲ್ಲಿರುವ ಮಲ್ಲಣ್ಣನ ಶೆಡ್ಡಿಗೆ ಒಯ್ದೆ. ಸೇಡಂ ಕಡೆಯವನು, ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಬಂದವನು. ಕೈ ಒಳ್ಳೆಯದು, ಬಾಯಿ ಅದಕ್ಕಿಂತ ದೊಡ್ಡದು. ಅವನ ಬಳಿ ಇರುವುದು ಒಂದೇ ಜಾಕು. ಎಡಗಡೆ ಮುಂದಿನ ಗಾಲಿ ಎತ್ತಿ, ಬಿಚ್ಚಿ, ಸವೆದು ಬಿಸ್ಕತ್ತಿನಷ್ಟು ತೆಳ್ಳಗಾದ ಬ್ರೇಕಿನ ಪ್ಯಾಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. "ಇದು ಸ್ಯಾಂಪಲ್ ಅಕ್ಕಾರ. ಇದನ್ನ ತೋರ್ಸಿ ಇಂಥಾದ್ದೇ ಡಬ್ಬಿ ತರ್ರಿ. ಹಳೇ ಗಾಡಿ ಐತಿ, ಬಾಯಿಲೆ ಹೇಳಿದ್ರ ಅಂಗಡಿಯವ್ರು ಬ್ಯಾರೆ ಕೊಡ್ತಾರ" ಎಂದ. ಇಲ್ಲಿ ಎಲ್ಲ ಮೆಕ್ಯಾನಿಕ್‌ಗಳೂ ಹೀಗೇ. ಒಂದು ಕಡೆಯ ಹಳೆಯ ಸಾಮಾನು ಬಿಚ್ಚಿ ಕೈಗೆ ಕೊಡುತ್ತಾರೆ, ಗಿರಾಕಿ ಅದನ್ನು ಹಿಡಿದುಕೊಂಡು ಬಜಾರು ಸುತ್ತಬೇಕು. ಒಂದು ಡಬ್ಬಿಯಲ್ಲಿ ನಾಲ್ಕು ಪ್ಯಾಡು, ಗಾಲಿಗೆ ಎರಡರಂತೆ ಎರಡೂ ಕಡೆಗೆ. ಒಂದು ಕಡೆಯ ಅಳತೆ ಸಿಕ್ಕರೆ ಇನ್ನೊಂದು ಕಡೆಯದು ಸಿಕ್ಕಂತೆಯೇ ಎಂದು ಅವರ ಲೆಕ್ಕ. ತಪ್ಪೇನಿಲ್ಲ, ನನ್ನ ಲೆಕ್ಕವೂ ಅದೇ ಆಗಿತ್ತು.

ಪುತ್ಲಿಬೌಲಿಗೆ ಹೋದೆ. ಗಾಡಿ ಸಾಮಾನಿನ ಆ ಬಜಾರಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಮೂಲೆಯ ಅಂಗಡಿಯ ಬಿಳಿ ಗಡ್ಡದ ಹಿರಿಯರೊಬ್ಬರು ಸ್ಟೂಲು ಕೊಟ್ಟು ಕೂರಿಸಿ, ನನ್ನ ಸ್ಯಾಂಪಲನ್ನು ತಿರುಗಿಸಿ ನೋಡಿ, ಒಂದರ ಪಕ್ಕ ಒಂದು ಮೂರು ಡಬ್ಬಿ ಇಟ್ಟರು. ಒಂದು ಮಾರುತಿ ಕಂಪನಿಯದೇ. ಒಂದು ಲೋಹದ ಪುಡಿ ಬೆರೆಸಿದ ಗಟ್ಟಿ ಪ್ಯಾಡು, ಬಹಳ ದಿನ ಬಾಳುತ್ತದೆ, ಆದರೆ ಅದು ಅಮುಕಿ ಹಿಡಿಯುವ ಗಾಲಿಯ ತಟ್ಟೆಯನ್ನೇ, ಡಿಸ್ಕನ್ನೇ, ಸವೆಸುತ್ತದೆ. ಒಂದು ಮೆತ್ತನೆಯದು, ಬೇಗ ಹಿಡಿಯುತ್ತದೆ, ಬೇಗ ಸವೆಯುತ್ತದೆ. "ಆಪ್ ಶೆಹೆರ್ ಮೇಂಚ್ ಚಲಾತೇ ನಾ ಮೇಡಂ? ಪುರಾನೀ ಗಾಡೀ ಹೈ, ನರಮ್ ವಾಲಾ ಲೇಲೋ" ಎಂದರು. ಊರೊಳಗೆ ಮಾತ್ರ ಓಡುವ ಹಳೆಯ ಗಾಡಿಗೆ ಮೆತ್ತನೆಯದೇ ಸರಿ ಎಂದು ಅವರ ಮಾತಿನ ಅರ್ಥ. ನೀನು ಫೋನಿನಲ್ಲಿ ಕಂಪನಿಯದು ಬಿಟ್ಟು ಬೇರೆ ಮುಟ್ಟಬೇಡ ಎಂದಿದ್ದೆ. ರಾಮದಾಸರು ಗಟ್ಟಿಯದೇ ತರಬೇಕೆಂದು ಅಪ್ಪಣೆ ಕೊಟ್ಟಿದ್ದರು. ಓಡಿಸುವವಳು ನಾನು, ಸಲಹೆ ಕೊಡುವವರು ನೀವು. ಹಿರಿಯರು ಮಾತ್ರ ನಾನು ದಿನಕ್ಕೆ ಎಷ್ಟು ದೂರ ಹೋಗುತ್ತೇನೆ, ಗಾಡಿಯಲ್ಲಿ ಯಾರು ಕೂಡುತ್ತಾರೆ ಎಂದು ಕೇಳಿದವರು. ಅವರ ಮಾತು ಕೇಳಿ ಮೆತ್ತನೆಯ ಡಬ್ಬಿ ತಂದೆ.

ಮಲ್ಲಣ್ಣ ಎಡಗಡೆ ಹೊಸ ಪ್ಯಾಡು ಹಾಕಿದ, ಹೂವು ಇಟ್ಟಂತೆ ಕೂತಿತು. ಗಾಲಿ ಮುಚ್ಚಿ, ಜಾಕು ಬಲಕ್ಕೆ ತಂದ. ಅಲ್ಲಿ ಅದೇ ಡಬ್ಬಿಯ ಪ್ಯಾಡು ಒಳಗೇ ಹೋಗಲಿಲ್ಲ. ಸುತ್ತಿಗೆಯಿಂದ ತಟ್ಟಿದ, ಬೈದ, ಬೆವರು ಒರೆಸಿಕೊಂಡ. ಕೊನೆಗೆ ನನ್ನ ಕಡೆ ತಿರುಗಿ, "ಮಾಲು ಡೂಪ್ಲಿಕೇಟ್ ಐತ್ರಿ ಅಕ್ಕಾರ. ಹೆಣ್ಮಕ್ಕಳು ಹೋದ್ರ ಹಿಂಗ ಟೋಪಿ ಹಾಕ್ತಾರ" ಎಂದ. ಹೊಸದನ್ನೆಲ್ಲ ಬಿಚ್ಚಿ ಹಳೆಯದನ್ನೇ ಕೂರಿಸಿ, ಈ ಸಲ ಬಲಗಡೆಯ ಹಳೆಯ ಪ್ಯಾಡನ್ನು ಸ್ಯಾಂಪಲ್ ಎಂದು ಕೊಟ್ಟ. ಮತ್ತೆ ಪುತ್ಲಿಬೌಲಿ. ಹಿರಿಯರು ಅದನ್ನು ನೋಡಿ, ಇದು ನಿಮ್ಮ ಗಾಡಿಯದಲ್ಲ, ಬೇರೆ ಗಾಡಿಯದು ಎಂದರು. ನನಗೆ ರೇಗಿತು. ಶೆಡ್ಡಿನಲ್ಲಿ ನಾಲ್ಕು ಗಾಡಿ ಬಿಚ್ಚಿ ಹರವಿಕೊಂಡಿದ್ದಾನೆ, ಯಾರದೋ ಪ್ಯಾಡು ನನಗೆ ಕೊಟ್ಟಿದ್ದಾನೆ ಎಂದುಕೊಂಡು ಹೋಗಿ ಮಲ್ಲಣ್ಣನನ್ನು ತರಾಟೆಗೆ ತೆಗೆದುಕೊಂಡೆ. ಅವನು ಎದೆ ಮುಟ್ಟಿಕೊಂಡು, "ನಿಮ್ಮ ಗಾಡೀದ ಐತ್ರಿ, ನನ್ನ ಕೈಯಾರೆ ತಗದೀನಿ" ಎಂದ. ಹಾಗಾದರೆ ಇದೇ ಇರಲಿ ಎಂದು ಆ ಸ್ಯಾಂಪಲಿನ ಅಳತೆಯದೇ ಎರಡನೇ ಡಬ್ಬಿ ತಂದೆ. ಅವನು ರೂಢಿಯಂತೆ ಎಡಗಡೆಯಿಂದ ಶುರುಮಾಡಿದ. ಅಲ್ಲಿ ಆ ಪ್ಯಾಡು ಸಡಿಲವಾಗಿ ಲಟಲಟ ಅಂದಿತು. ಅವನು ಅಂಗಡಿಯವರನ್ನು ಬೈದ, ನಾನು ಅವನನ್ನು ಬೈದೆ. ಇನ್ನು ನಿನ್ನ ಶೆಡ್ಡಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ಬಂದೆ, ಮುಂಗೈ ತುಂಬ ಗ್ರೀಸು ಬಳಿದುಕೊಂಡು. ಅವತ್ತು ಕಪ್ಪು ಹಲಗೆಯ ಮೇಲೆ ತ್ರಿಕೋನ ಬಿಡಿಸುವಾಗ ಹುಡುಗಿಯರು ಹಲಗೆ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು.

ಆಗ ರಾಮದಾಸರು ಸನತ್‌ನಗರದ ಒಂದು ಶೆಡ್ಡಿನ ಹೆಸರು ಹೇಳಿದರು. ಅಲ್ಲಿಯವನಿಗೆ ಮಾತೂ ಬೇಡ, ಸ್ಯಾಂಪಲೂ ಬೇಡ. ಮೊದಲ ಡಬ್ಬಿ ಇಸಿದುಕೊಂಡ, ಎಡಗಡೆ ಹಾಕಿದ, ಬಲಗಡೆಗೆ ಹೋಗದ ಪ್ಯಾಡುಗಳನ್ನು ಗ್ರೈಂಡರಿಗೆ ಹಿಡಿದು ಅಂಚು ಕಿತ್ತು ಒಳಗೆ ತುರುಕಿದ. ಅರ್ಧ ಗಂಟೆಯ ಕೆಲಸ. ಹಳೆಯ ನಾಲ್ಕು ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದ. ಹಳೆಯ ಸಾಮಾನು ಬಿಟ್ಟು ಬರಬಾರದು ಎಂದು ಅಪ್ಪ ಹೇಳುತ್ತಿದ್ದರಲ್ಲ, ಅದಕ್ಕೆ ತಂದು ಅಡಿಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟೆ. ಪೀಡೆ ತೊಲಗಿತು ಎಂದು ನಿಟ್ಟುಸಿರು ಬಿಟ್ಟೆ.

ತೊಲಗಲಿಲ್ಲ. ಜುಲೈ ಹದಿನಾರು, ಗುರುವಾರ. ಅವ್ವ ಹಿಂದೆ ಕೂತಿದ್ದಳು, ಮಡಿಲಲ್ಲಿ ತುಳಸಿಯ ಮಾಲೆ. ಬಶೀರ್‌ಬಾಗ್ ಚೌಕದಲ್ಲಿ ಒಂದು ಬಸ್ಸು ತಟ್ಟನೆ ನಿಂತಿತು. ನಾನು ಬ್ರೇಕು ಒತ್ತಿದೆ, ಒದೆಯಲಿಲ್ಲ, ಒತ್ತಿದೆ. ಗಾಡಿ ಎಡಕ್ಕೆ ತಿರುಗಿ ಫುಟ್‌ಪಾತಿನ ಕಲ್ಲಿಗೆ ಹೋಗಿ ಬಡಿಯಿತು. ಅಲ್ಲಿ ಹಣ್ಣು ಮಾರುತ್ತ ಕೂತವಳು ಎದ್ದು ಓಡಿದ್ದಕ್ಕೆ ಉಳಿದಳು. ಅವ್ವನ ಹಣೆ ಮುಂದಿನ ಸೀಟಿಗೆ ತಾಗಿ ನಿಂಬೆಹಣ್ಣಿನಷ್ಟು ಬುಗುಟೆ ಎದ್ದಿತು. ಜನ ಸೇರಿದರು, ತೆಲುಗಿನಲ್ಲಿ ಉರ್ದುವಿನಲ್ಲಿ ಒಂದೇ ಮಾತು, ಹೆಂಗಸರ ಕೈಗೆ ಗಾಡಿ ಕೊಡಬಾರದು. ನನಗೂ ಹಾಗೇ ಅನ್ನಿಸಿತು ಪ್ರಾಣೇಶ. ಮನೆಗೆ ಬಂದು ಅವ್ವನ ಹಣೆಗೆ ಅರಿಸಿನ ಬಳಿಯುತ್ತ ಅತ್ತುಬಿಟ್ಟೆ. ನನ್ನ ಕಾಲಿನಿಂದ ಹೀಗಾಯಿತಲ್ಲ ಎಂದು ಅತ್ತೆ. ಅವ್ವ, "ಅಳಬ್ಯಾಡ ಮಂದಾ, ಆಗಿದ್ದು ಆತು" ಎಂದಳು. ಆ ಭಾನುವಾರ ನೀನು, "ಅಕ್ಕಾ, ನಿನ್ನ ಕಾಲಿಗೆ ಗಾಡಿ ಒಗ್ಗೂದಿಲ್ಲ. ಹಟ ಬಿಡು, ರಾಮದಾಸಗ ಕೊಟ್ಟುಬಿಡೂಣು" ಎಂದೆ. ನಾನು ಹೂಂ ಅಂದೆ. ಕೀಲಿಕೈಯನ್ನು ಕಪಾಟಿನಲ್ಲಿ ಸೀರೆಗಳ ಕೆಳಗೆ ಹಾಕಿದೆ, ಕಣ್ಣಿಗೆ ಬೀಳದಿರಲಿ ಎಂದು.

ಎರಡು ವಾರ ಆಟೋದಲ್ಲಿ ಓಡಾಡಿದೆವು. ಬಳಸದೇ ಉಳಿದ ಎರಡನೇ ಡಬ್ಬಿಯನ್ನು ವಾಪಸು ಕೊಡೋಣ ಎಂದು ಆಗಸ್ಟ್ ಐದರಂದು ಶಾಲೆಯಿಂದ ನೇರವಾಗಿ ಪುತ್ಲಿಬೌಲಿಗೆ ಹೋದೆ. ಹಿರಿಯರು ಮರುಮಾತಿಲ್ಲದೆ ತೆಗೆದುಕೊಂಡರು. ನಾನು ನಿಮ್ಮ ಮಾಲು ಸರಿಯಿರಲಿಲ್ಲ ಎಂದು ಒಂದು ಮಾತು ಹೇಳಿದೆ, ಹೇಳದೆ ಇರಲಾಗಲಿಲ್ಲ. ಅವರು ಸಿಟ್ಟಾಗಲಿಲ್ಲ. "ಡಬ್ಬಾ ಝೂಟ್ ನಹೀಂ ಬೋಲ್ತಾ ಮೇಡಂ. ದೋನೋಂ ಡಬ್ಬೇ ಸಹೀ ಹೈಂ. ಗಾಡೀ ಕು ದೇಖೋ" ಎಂದರು. ಡಬ್ಬಿ ಸುಳ್ಳು ಹೇಳುವುದಿಲ್ಲ, ಎರಡೂ ಡಬ್ಬಿ ಸರಿ ಇವೆ, ಗಾಡಿಯನ್ನು ನೋಡಿ ಎಂದು. ಬಸ್ಸಿನಲ್ಲಿ ಕೂತು ಆ ಮಾತನ್ನೇ ಯೋಚಿಸುತ್ತ ಬಂದೆ. ಎರಡೂ ಸರಿ ಎಂದರೆ ಏನರ್ಥ? ಮನೆಗೆ ಬಂದವಳೇ ಮಾಡದಲ್ಲಿದ್ದ ಪೇಪರಿನ ಗಂಟು ಬಿಚ್ಚಿದೆ. ಹಳೆಯ ನಾಲ್ಕೂ ಪ್ಯಾಡನ್ನು ನಾನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಗ್ರಾಫ್ ಪುಸ್ತಕ ತೆಗೆದು ಒಂದೊಂದನ್ನೇ ಇಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದೆ. ಎರಡು ಒಂದು ಅಳತೆ, ಇನ್ನೆರಡು ಇನ್ನೊಂದು ಅಳತೆ. ಎಂಟು ಸಣ್ಣ ಚೌಕದಷ್ಟು ವ್ಯತ್ಯಾಸ. ಒಂದೇ ಗಾಡಿ, ಎರಡು ಗಾಲಿ, ಎರಡು ಲೆಕ್ಕ. ಆರನೇ ಇಯತ್ತೆಯ ಮಕ್ಕಳಿಗೂ ಕಾಣುವ ಉತ್ತರ ಅದು. ಮಲ್ಲಣ್ಣನಿಗಾಗಲಿ, ಅಂಗಡಿಯ ಹಿರಿಯರಿಗಾಗಲಿ, ನನಗಾಗಲಿ ಕಾಣದೆ ಹೋಯಿತು, ಯಾಕೆಂದರೆ ಯಾರೂ ಎರಡೂ ಕಡೆಯದನ್ನು ಪಕ್ಕಪಕ್ಕ ಇಟ್ಟು ನೋಡಲೇ ಇಲ್ಲ.

ಮರುದಿನ ಶಾಲೆಗೆ ರಜೆ ಹಾಕಿ, ಕೀಲಿಕೈ ತೆಗೆದು, ಗಾಡಿಯನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಮಲ್ಲಣ್ಣನ ಶೆಡ್ಡಿಗೇ ಒಯ್ದೆ. ಮೆಟ್ಟಿಲು ಹತ್ತುವುದಿಲ್ಲ ಎಂದವಳು ಹತ್ತಿದೆ. ಇನ್ನೊಂದು ಜಾಕು ಎಲ್ಲಿಂದಲಾದರೂ ತಾ, ಎರಡೂ ಗಾಲಿ ಒಟ್ಟಿಗೆ ಬಿಚ್ಚು ಎಂದೆ. ಅವನು ಗೊಣಗುತ್ತ ಪಕ್ಕದವನ ಜಾಕು ತಂದ. ಗಾಲಿ ಎರಡೂ ಕಳಚಿ, ಬಲಗಡೆ ಮೆತ್ತಿದ್ದ ಮಣ್ಣನ್ನು ಸೀಮೆಎಣ್ಣೆಯಿಂದ ತೊಳೆದ ಮೇಲೆ, ಕುಕ್ಕರುಗಾಲಲ್ಲಿ ಕೂತವನು ಎದ್ದೇಳಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಇದು ನಿಮ್ಮ ಗಾಡೀದಲ್ರೀ ಅಕ್ಕಾರ. ಪ್ಯಾಡ್ ಹಿಡಿಯೂ ಹಿಡಿ, ಡಿಸ್ಕು, ಎಲ್ಲಾ ಯಾವುದೋ ಬ್ಯಾರೆ ಗಾಡೀದು. ಗುಜರಿ ಅಂಗಡಿಂದ ತಂದು, ತೂತು ಹೊಡದು ಕೂಡಿಸ್ಯಾರ. ಬಲಕ್ಕ ಬ್ರೇಕು ಅರ್ಧಾನೂ ಹಿಡಿಯಂಗಿಲ್ಲ, ಎಡಕ್ಕ ಪೂರಾ ಹಿಡೀತೈತಿ. ಎಳೀದ ಏನ್ ಮಾಡ್ತೈತ್ರಿ?" ಎಂದ. ಕೈ ಒರೆಸಿಕೊಳ್ಳುತ್ತ, "ಈ ಗಾಡಿ ಬಲಕ್ಕ ಎಲ್ಲೋ ಜೋರಲೆ ಹೊಡದೈತ್ರಿ. ನಿಮಗ ಗೊತ್ತಿಲ್ಲೇನು?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅಪ್ಪ ತೀರಿಹೋದ ಮೇಲೆ ಈ ಗಾಡಿ ನಿನ್ನ ಕೈಯಲ್ಲಿ ಬಿಟ್ಟು ಇನ್ನೊಬ್ಬರ ಕೈಯಲ್ಲಿ ಇರಲಿಲ್ಲ ಎಂಬುದು ಆಗಲೇ ನನಗೆ ಹೊಳೆದಿತ್ತು.

ಮನೆಗೆ ಬಂದಾಗ ಅವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಎದುರು ಕೂತು ಕೇಳಿದೆ, ಗಾಡಿ ಎಲ್ಲಿ ಬಡಿದಿತ್ತು ಎಂದು. ಮೊದಲು ನನಗೇನು ಗೊತ್ತು ಎಂದಳು. ಆಮೇಲೆ ಸೊಪ್ಪಿನ ಬುಟ್ಟಿ ದೂರ ಸರಿಸಿ ಅಳತೊಡಗಿದಳು. ತೊಂಬತ್ತೈದರ ಮಾರ್ಚಿನಲ್ಲಿ ಹುಮನಾಬಾದಿನ ಮುಂಜಿವೆ ಮುಗಿಸಿ ನೀವಿಬ್ಬರೂ ಬರುವಾಗ ಜಹೀರಾಬಾದ್ ದಾಟಿದ ಮೇಲೆ ನೀನು ಒಂದು ಲಾರಿ ಹಿಂದೆ ಹಾಕಲು ಹೋಗಿ ಮೋರಿಯ ಕಟ್ಟೆಗೆ ಗುದ್ದಿದ್ದು, ಬಲಗಡೆಯ ಗಾಲಿ ಮುರಿದದ್ದು, ದಾರಿಬದಿಯ ಮೆಕ್ಯಾನಿಕ್ಕನ ಹತ್ತಿರ ಎರಡು ದಿನ ನಿಂತದ್ದು, ಎಲ್ಲ ಹೇಳಿದಳು. ಆಗ ನೀನು ನನಗೆ ರೇಡಿಯೇಟರ್ ಸೋರಿತ್ತು ಎಂದಿದ್ದೆ. ನಾನು ಪಾಪ ಬಿಸಿಲಲ್ಲಿ ಕಷ್ಟಪಟ್ಟಿರಿ ಎಂದು ಕೋಸಂಬರಿ ಮಾಡಿ ಬಡಿಸಿದ್ದೆ. "ಅವ ನನ್ನ ಕೈ ತನ್ನ ತಲಿ ಮ್ಯಾಲೆ ಇಟಗೊಂಡು ಆಣಿ ಮಾಡ್ಸಿದ್ದ ಮಂದಾ. ಅಕ್ಕಗ ಹೇಳಿದ್ರ ನನ್ನ ಆಣಿ ಅಂದ. ನಾ ಹ್ಯಾಂಗ ಹೇಳ್ಲಿ?" ಎಂದಳು.

ಪ್ರಾಣೇಶ, ಅಪಘಾತ ಮಾಡಿದ್ದಕ್ಕೆ ನಾನು ನಿನ್ನನ್ನು ಬೈಯುತ್ತಿಲ್ಲ. ಬಶೀರ್‌ಬಾಗಿನಲ್ಲಿ ನಾನೂ ಮಾಡಿದ್ದೇನೆ. ಗುಜರಿ ಸಾಮಾನು ಹಾಕಿಸಿದ್ದಕ್ಕೂ ಅಲ್ಲ, ದಾರಿಯಲ್ಲಿ ಸಿಕ್ಕಿದ್ದು ಹಾಕಿಸಿಕೊಂಡು ಬಂದೆ ಎನ್ನೋಣ. ಊರಿಗೆ ಬಂದ ಮೇಲಾದರೂ ಸರಿ ಮಾಡಿಸಬೇಕಿತ್ತು. ಎರಡು ವರ್ಷ ನೀನು ಆ ಗಾಡಿಯನ್ನು ಸ್ಟಿಯರಿಂಗು ಚೂರು ಬಲಕ್ಕೆ ಹಿಡಿದೇ ಓಡಿಸಿದ್ದೀ, ನಿನ್ನ ಕೈಗೆ ಅದು ರೂಢಿಯಾಗಿತ್ತು, ಆ ಗುಟ್ಟು ನನಗೆ ಹೇಳದೆ ಕೀಲಿಕೈ ಕೊಟ್ಟೆ. ಎಡಕ್ಕೆ ಎಳೆಯುತ್ತದೆ ಎಂದು ನಾನು ಮೊದಲ ವಾರವೇ ಹೇಳಿದಾಗ ನಿನಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ನನ್ನ ಕಾಲು ಎಂದೆ. ಒಂದು ವರ್ಷ ನಾನು ನನ್ನ ಕಾಲನ್ನು ನಂಬಲಿಲ್ಲ. ಅವ್ವನ ಹಣೆಗೆ ಪೆಟ್ಟಾದ ಮೇಲೂ ನೀನು ನನ್ನ ಕಾಲು ಎಂದೆ. ನನಗೆ ನೋವಾಗಿದೆ. ನಿನ್ನಿಂದ ಆದದ್ದಕ್ಕಿಂತ ಅವ್ವನಿಂದ ಹೆಚ್ಚು ನೋವಾಗಿದೆ, ನಾನು ಎದುರು ಕೂತು ಅಳುವಾಗಲೂ ಆಕೆ ಬಾಯಿ ಬಿಡಲಿಲ್ಲ. ಮಗನ ತಲೆ ದೊಡ್ಡದು, ಮಗಳ ಕಾಲು ಹೋದರೆ ಹೋಗಲಿ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ. ಆದರೆ ಇನ್ನೊಂದು ಮಾತೂ ಬರೆಯಬೇಕು. ಪ್ರಾಣೇಶ ಇದನ್ನು ಯಾಕೆ ಮುಚ್ಚಿಟ್ಟ ಎಂದು ಅವ್ವನನ್ನು ಕೇಳಿದೆ. "ನಿನ್ನ ಬಾಯಿಗೆ ಅಂಜಿ" ಎಂದಳು. ನೀನು ಲೇಟಾಗಿ ಮನೆಗೆ ಬಂದರೂ ನಾಲ್ಕು ದಿನ ಮಾತು ಬಿಡುತ್ತಿದ್ದ ಅಕ್ಕ ನಾನು, ಅದು ನನಗೆ ಮರೆತಿಲ್ಲ. ಅಷ್ಟು ಪಾಲು ನನ್ನದು.

ಈಗ ಗಾಡಿಯ ಸುದ್ದಿ. ಮಲ್ಲಣ್ಣ ತಪ್ಪು ಒಪ್ಪಿಕೊಂಡು, ಬಲಗಡೆಯದನ್ನೆಲ್ಲ ಕಿತ್ತುಹಾಕಿ ನಮ್ಮ ಗಾಡಿಯದೇ ಹಿಡಿ, ನಮ್ಮ ಗಾಡಿಯದೇ ಡಿಸ್ಕು ಹುಡುಕಿ ತಂದು ಕೂರಿಸಿದ. ಒಂದೇ ಹಿಡಿತ ಬರಲಿ ಎಂದು ಎಡಗಡೆಯ ಡಿಸ್ಕನ್ನೂ ಹೊಸದು ಹಾಕಿದ. ಪ್ಯಾಡಿಗೆ ನಾನೇ ಹೋದೆ. ಹಿರಿಯರು ಮೊದಲ ದಿನ ಕೊಟ್ಟಿದ್ದ ಅದೇ ಮೆತ್ತನೆಯ ಡಬ್ಬಿಯನ್ನೇ ಇನ್ನೊಂದು ತೆಗೆದುಕೊಟ್ಟರು. ಮೊದಲ ದಿನದ ಡಬ್ಬಿಯೇ ಸರಿಯಿತ್ತು ನೋಡು. ಡೂಪ್ಲಿಕೇಟ್ ಎಂದು ಬೈಸಿಕೊಂಡದ್ದು ಅದು, ಗ್ರೈಂಡರಿಗೆ ಸಿಕ್ಕಿ ಹಾಳಾದದ್ದು ಅದು. ಭಾನುವಾರ ಬೆಳಗ್ಗೆ ಆರು ಗಂಟೆಗೆ ಖಾಲಿ ಟ್ಯಾಂಕ್‌ಬಂಡಿನ ಮೇಲೆ ಮಲ್ಲಣ್ಣನನ್ನು ಪಕ್ಕಕ್ಕೆ ಕೂರಿಸಿಕೊಂಡು ಓಡಿಸಿದೆ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಸ್ಟಿಯರಿಂಗಿನ ಮೇಲಿನ ಹಿಡಿತ ಸಡಿಲಿಸಿ, ಬ್ರೇಕು ಒದ್ದೆ. ಹೌದು, ಒದ್ದೆ. ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ಇನ್ನೂ ಮೂರು ಸಲ ಒದ್ದೆ. ಮಲ್ಲಣ್ಣ, "ಸಾಕ್ರೀ ಅಕ್ಕಾರ, ನನ್ನ ಹೊಟ್ಯಾಗಿನ ಚಾ ಹೊರಗ ಬರ್ತೈತಿ" ಎಂದ. ರಾಮದಾಸರಿಗೆ ಗಾಡಿ ಮಾರಾಟಕ್ಕಿಲ್ಲ ಎಂದು ನಿನ್ನೆ ಹೇಳಿ ಕಳಿಸಿದ್ದೇನೆ. ನೀನು ಮತ್ತೆ ಅವರಿಗೆ ಮಾತು ಕೊಡಬೇಡ.

ಇಷ್ಟೆಲ್ಲ ಆದರೂ ಅವ್ವ ಇನ್ನೂ ಗಾಡಿಯಲ್ಲಿ ಕೂತಿಲ್ಲ. ರಾಯರ ಆರಾಧನೆಗೂ ಆಟೋದಲ್ಲೇ ಹೋದಳು. ಮೊಣಕಾಲು ನೋವು, ಗಾಡಿಯೊಳಗೆ ಕಾಲು ಮಡಚಲು ಬರುವುದಿಲ್ಲ ಎನ್ನುತ್ತಾಳೆ. ಆಟೋದಲ್ಲಿ ಹೇಗೆ ಮಡಚಲು ಬರುತ್ತದೆ ಎಂದು ಕೇಳಿದರೆ ಮುಖ ತಿರುಗಿಸುತ್ತಾಳೆ. ನನ್ನ ಕಾಲಿನ ಮೇಲೆ ಅವಳಿಗೆ ಇನ್ನೂ ಅನುಮಾನವೋ ಏನೋ. ಕೇಳಲು ಧೈರ್ಯ ಸಾಲದು.

ಗಂಟೆ ಹೊಡೆಯಿತು, ಒಂಬತ್ತನೇ ಇಯತ್ತೆಯವರು ಕಾಯುತ್ತಿದ್ದಾರೆ. ನಲಿನಿಗೆ ನನ್ನ ಆಶೀರ್ವಾದ ತಿಳಿಸು, ತಣ್ಣೀರಿನಲ್ಲಿ ಕೈಯಾಡಿಸಬೇಡ ಎಂದು ಹೇಳು. ನೀನು ಹುಷಾರಾಗಿರು. ಬೈದದ್ದನ್ನು ಮನಸ್ಸಿಗೆ ಹಚ್ಚಿಕೋ, ಸ್ವಲ್ಪ ದಿನ ಹಚ್ಚಿಕೊಂಡರೆ ಒಳ್ಳೆಯದೇ. ರಾಯರು ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಮಂದಾಕಿನಿ

ತಾ.ಕ.: ಮನೆಗೆ ಬಂದು ಲಕೋಟೆ ಮುಚ್ಚುತ್ತಿದ್ದೆ. ವಿಳಾಸ ನೋಡಿ ಅವ್ವ, "ಅವಗ ಬರ್ದಿಯಾ?" ಎಂದು ಕೇಳಿ ತಾನಾಗಿಯೇ ಬಾಯಿ ಬಿಟ್ಟಳು. ನನ್ನ ಕಾಲಿನ ಅನುಮಾನ ಅಲ್ಲವಂತೆ. "ಅವನ ತಲಿ ಮ್ಯಾಲಿನ ಆಣಿ ಮುರದೀನಿ. ಅವ ಅಲ್ಲಿ ಗುಡ್ಡದ ಹೊಟ್ಯಾಗ ಕೆಲಸ ಮಾಡ್ತಾನ. ನಾ ಈ ಗಾಡ್ಯಾಗ ಆರಾಮ ಕೂತು ಹ್ಯಾಂಗ ಹೋಗ್ಲಿ?" ಎಂದಳು. ಹನ್ನೆರಡು ದಿನ ಆಯಿತು, ರಾತ್ರಿ ಊಟ ಬಿಟ್ಟಿದ್ದಾಳೆ, ಹಸಿವಿಲ್ಲ ಎಂದು ನನಗೆ ಸುಳ್ಳು ಹೇಳಿದ್ದಾಳೆ. ಕಳೆದೆರಡು ಭಾನುವಾರ ನಿನಗೆ ತಲೆನೋವು ಇದೆಯೇ ಎಂದು ಮೂರು ಮೂರು ಸಲ ಕೇಳಿದಳಲ್ಲ, ಅದು ಇದಕ್ಕೆ. ನಿಮ್ಮ ಆಫೀಸಿನ ಲೈನು ಸತ್ತಿದೆ, ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಇದು ಕೈಗೆ ಬಂದ ದಿನವೇ, ಭಾನುವಾರ ಕಾಯದೆ, ಬೂತಿಗೆ ಹೋಗು. ನಾನು ಫೋನ್ ಎತ್ತಿದರೆ ನನ್ನೊಂದಿಗೆ ಒಂದು ಮಾತೂ ಬೇಡ, ಕ್ಷಮೆಯೂ ಬೇಡ, ಅವ್ವನಿಗೆ ಕೊಡು ಎನ್ನು. ಆಣೆ ನಾನೇ ಹಾಕಿಸಿದ್ದು, ನಾನೇ ಬಿಡಿಸಿದ್ದೇನೆ, ಅಕ್ಕನ ಗಾಡಿಯಲ್ಲಿ ಕೂಡು ಎಂದು ಅವಳ ಕಿವಿಯಲ್ಲಿ ನಿನ್ನ ಬಾಯಾರೆ ಹೇಳು. ಮೀಟರು ಓಡಲಿ. — ಮಂ.